ತಾನಾಗಿ ಬಿದ್ದ ಲಾಳ

ನಮ್ಮ ಕುದುರೆ ಮಲಗಿದ್ದು ಮತ್ತೆ ಏಳಲಿಲ್ಲ ಅನ್ನುವ ಸುದ್ದಿ ಬೀದಿಗೆ ಮುಟ್ಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಎದುರು ಮನೆಯ ಹಿಟ್ಟಿನ ಗಿರಣಿಯವನು ಬಂದ. ಸಾವಿನ ಮನೆಗೆ ಬಂದವರ ಹಾಗೆ ಚಪ್ಪಲಿ ಗೇಟಿನ ಆಚೆಗೇ ಬಿಟ್ಟು, ಕೈಕಟ್ಟಿ ನಿಂತು, ಎರಡು ಸಲ ಲೊಚಗುಟ್ಟಿದ. ಪರವಾಗಿಲ್ಲ, ಮನುಷ್ಯತ್ವ ಇದೆ ಅಂದುಕೊಂಡೆ.

"ಅಕ್ಕ, ಬಾಲದ್ದು ನಾಕು ಕೂದ್ಲು ಬೇಕಾಗಿತ್ತು ಕಣಕ್ಕ," ಅಂದ. "ಉಸ್ರಿರೋವಾಗ್ಲೇ ಕಿತ್ರೆ ಒಳ್ಳೇದಂತೆ. ಮಗೀಗೆ ಬಾಳ ದೃಷ್ಟಿ ಆಯ್ತದೆ."

"ನಿಂಗೂ ಉಸ್ರು ಐತಲ್ಲ. ನಿನ್ನ ತಲೇದೇ ನಾಕು ಕಿತ್ತು ಕಟ್ಟೋಗು," ಅಂದೆ.

ಅವನು ನಕ್ಕ. ಬೈದರೆ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಕ್ಕುಕೊಂಡೇ ಹಿತ್ತಲಿನ ಕಡೆ ಒಂದು ಹೆಜ್ಜೆ ಇಟ್ಟ. ನಾನು ಕೈಯಲ್ಲಿದ್ದ ಫಿನಾಯಿಲ್ ಬಕೆಟ್ಟನ್ನು ಅವನ ಕಾಲ ಹತ್ತಿರಕ್ಕೇ ಚೆಲ್ಲಿದೆ. ಆಮೇಲೆ ಹೋದ.

ನನಗೆ ಬಾಯಿ ಜಾಸ್ತಿ ಅಂತ ಬೀದಿಯಲ್ಲೆಲ್ಲ ಹೆಸರಿದೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ನನ್ನದು. ಗಂಡ ತೀರಿಕೊಂಡ ಮೇಲೆ ಕೆ.ಆರ್. ನಗರದಲ್ಲಿ ಅಪ್ಪನ ಮನೆಗೇ ಬಂದು ಸೇರಿಕೊಂಡವಳು. ಅಪ್ಪ ಜಟಕಾ ಹೊಡೆಯುತ್ತಿದ್ದ. ರೈಲ್ವೆ ಸ್ಟೇಷನ್ನಿನಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಬಸ್ ಸ್ಟ್ಯಾಂಡು. ಆಟೋಗಳು ಬಂದ ಮೇಲೂ ಮೂಟೆ ಹಾಕಿಕೊಂಡು ಹೋಗುವುದಕ್ಕೆ ಕೆಲವರು ಕರೆಯುತ್ತಿದ್ದರು. ಕೊರೊನಾ ಬಂದು ಬೀದಿ ಮುಚ್ಚಿದಾಗ ಜಟಕಾ ನಿಂತಿತು, ಆಮೇಲೆ ಶುರುವಾಗಲೇ ಇಲ್ಲ. ಅಪ್ಪನ ಕಣ್ಣಿಗೂ ಸಕ್ಕರೆ ಕಾಯಿಲೆಯಿಂದ ಮಂಜು ಕವಿಯಿತು. ಗಾಡಿ ಗುಜರಿಗೆ ಹೋಯಿತು. ಕುದುರೆ ಮಾತ್ರ ಮನೆ ಹಿಂದೆ ಹೊಂಗೆ ಮರದ ಕೆಳಗೆ ಉಳಿಯಿತು. ಅದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಅದು ಅಂತ ಬರೆದರೆ ಅಪ್ಪನಿಗೆ ಬೇಜಾರಾಗುತ್ತದೆ. ಅವಳು. ಕಪ್ಪು ಹೆಣ್ಣು ಕುದುರೆ, ಮೈಮೇಲೆ ಹುಡುಕಿದರೂ ಒಂದು ಬಿಳಿ ಕೂದಲಿರಲಿಲ್ಲ. ಮುದಿಯಾದ ಮೇಲೆ ಕಣ್ಣಿನ ಸುತ್ತ ಮಾತ್ರ ಬೂದಿ ಬಣ್ಣ ಬಂದಿತ್ತು. ಅಪ್ಪ ಅವಳಿಗೆ ಹೆಸರಿಟ್ಟವನಲ್ಲ, "ತಾಯಿ" ಅಂತಲೇ ಕರೆಯುತ್ತಿದ್ದದ್ದು.

ಕಪ್ಪು ಕುದುರೆಯ ಲಾಳ ಬಾಗಿಲಿಗೆ ಹೊಡೆದರೆ ಶನಿ ಒಳಗೆ ಬರುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಪಿರಿಯಾಪಟ್ಟಣದಿಂದ, ಹೆಗ್ಗಡದೇವನಕೋಟೆಯಿಂದ ಕೂಡ ಕೇಳಿಕೊಂಡು ಬರುತ್ತಿದ್ದರು. ಲಾಳ ಕಟ್ಟುವವನು ಮೈಸೂರಿನಿಂದ ಒಂದೂವರೆ ತಿಂಗಳಿಗೊಮ್ಮೆ ಬಂದು, ಸವೆದ ಲಾಳ ಕಿತ್ತು ಹೊಸದು ಹೊಡೆಯುತ್ತಿದ್ದ. ಕಿತ್ತ ಲಾಳವನ್ನು ಅಪ್ಪ ಕೇಳಿದವರಿಗೆ ಕೊಟ್ಟುಬಿಡುತ್ತಿದ್ದ. ಒಂದು ಕಾಸು ತೆಗೆದುಕೊಂಡವನಲ್ಲ. ಹಾಗಾಗಿ ನಮ್ಮ ಬೀದಿಯಲ್ಲಿ ಯಾರ ಬಾಗಿಲು ನೋಡಿದರೂ ಅವಳದೇ ಲಾಳ. ಇಲ್ಲದ್ದು ನಮ್ಮ ಬಾಗಿಲಿನಲ್ಲಿ ಮಾತ್ರ. "ಕುದ್ರೇನೇ ಮನೆ ಕಾಯ್ತಾ ನಿಂತವ್ಳೆ, ಲಾಳ ಯಾಕವ್ವ" ಅನ್ನುತ್ತಿದ್ದ ಅಪ್ಪ.

ಆದರೆ ಇದರಲ್ಲೂ ಎರಡು ಜಾತಿ. ಕಿತ್ತ ಲಾಳ ಬರೀ ಕಬ್ಬಿಣ, ಅದರಲ್ಲಿ ಅಂಥಾ ಬಲ ಇಲ್ಲ. ಕುದುರೆ ನಡೆಯುವಾಗ ತಾನಾಗಿ ಕಳಚಿ ಬಿದ್ದದ್ದೇ ನಿಜವಾದ ಲಾಳ ಅನ್ನುವುದು ಹಳಬರ ಮಾತು. ಮಾರ್ಕೆಟ್ಟಿನಲ್ಲಿ ಅವಳ ಕಾಲಿನ ಸದ್ದು ಸ್ವಲ್ಪ ಸಡಿಲವಾಗಿ ಕೇಳಿದರೆ ಜಟಕಾದ ಹಿಂದೆಯೇ ಬೈಕಿನಲ್ಲಿ ಬರುವವರಿದ್ದರು. ನೆಲ ನೋಡಿಕೊಂಡು ಬರುತ್ತಿದ್ದ ಅವರ ಮುಖ ಕಂಡರೆ ನನಗೆ ವಾಕರಿಕೆ ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮುಖದ ವಿಷಯವೂ ಬರುತ್ತದೆ.

ಗಿರಣಿಯವನನ್ನು ಓಡಿಸಿ ಹಿತ್ತಲಿಗೆ ಹೋದೆ. ಅವಳು ಎಡಮಗ್ಗುಲಿಗೆ ಮಲಗಿದ್ದಳು. ಮೂರು ದಿನಗಳಿಂದ ಮಲಗಿದಲ್ಲೇ. ಸೊಂಟದ ಮೂಳೆ ನೆಲಕ್ಕೆ ಒತ್ತಿ ಚರ್ಮ ಕಿತ್ತುಹೋಗಿತ್ತು, ಅಲ್ಲಿ ಹುಳ ಬಿದ್ದಿದ್ದವು. ಬೇವಿನೆಣ್ಣೆ ಹಚ್ಚಿ, ಒಂದೊಂದೇ ಹುಳ ಕಡ್ಡಿಯಲ್ಲಿ ತೆಗೆಯುತ್ತಿದ್ದೆ. ಮಧ್ಯಾಹ್ನ ಮಕ್ಕಳಿಗೆ ಅನ್ನ ಬಡಿಸುವಾಗ ಆ ಬಿಳಿ ಹುಳಗಳೇ ಕಣ್ಣಿಗೆ ಬರುತ್ತಿದ್ದವು. ಅಪ್ಪ ಅವಳ ತಲೆಯ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂತಿದ್ದ. ನೊಣ ಕಾಣದಿದ್ದರೂ ಸದ್ದು ಕೇಳಿಸಿಕೊಂಡು ಟವಲ್ಲು ಬೀಸುತ್ತಿದ್ದ.

"ಇವ್ಳನ್ನ ಇಡಿಯಾಗಿ ಕಳಿಸ್ಬೇಕು ಕಣವ್ವ," ಅಂದ. "ಒಂದು ಕೂದ್ಲೂ ಹೊರೀಕೆ ಉಳೀಬಾರ್ದು."

ಅಪ್ಪ ಯಾಕೆ ಹಾಗಂದ ಅಂತ ನನಗೆ ಗೊತ್ತು. ಇವಳಿಗಿಂತ ಮೊದಲಿದ್ದ ಗಂಡು ಕುದುರೆಯನ್ನು ಮುದಿಯಾದ ಮೇಲೆ ಅಪ್ಪ ಮಾರಿದ್ದ. ಹುಲ್ಲುಗಾವಲಿಗೆ ಬಿಡುತ್ತೇನೆ ಅಂತ ಮಾತು ಕೊಟ್ಟು ಕೊಂಡುಹೋದವನು ಅದೇನು ಮಾಡಿದನೋ, ತಿಂಗಳು ಕಳೆದ ಮೇಲೆ ಅಪ್ಪ ಬಸ್ಸಿನಲ್ಲಿ ಮೈಸೂರಿಗೆ ಹೋಗುವಾಗ ಬಿಳಿಕೆರೆ ದಾಟಿದ ಮೇಲೆ ರಸ್ತೆ ಪಕ್ಕದ ಹಳ್ಳದಲ್ಲಿ ಅದು ಬಿದ್ದಿತ್ತು. ಚರ್ಮ ಸುಲಿದಿತ್ತು, ನಾಯಿಗಳು ಒಳಗೇ ತಲೆ ಹಾಕಿದ್ದವು. ಕಾಲಿನ ಗೊರಸಿನಿಂದ ಗುರುತು ಹಿಡಿದೆ ಅಂತ ಅಪ್ಪ ಒಂದೇ ಸಲ ಹೇಳಿದ್ದ. ಆಮೇಲೆ ಎಷ್ಟೋ ದಿನ ಮಾಂಸ ಮುಟ್ಟಲಿಲ್ಲ. ಈಗ ಇವಳನ್ನು ಮಣ್ಣು ಮಾಡುವುದು, ಯಾರ ಕೈಗೂ ಸಿಗದಂತೆ, ನಮ್ಮ ಹಿತ್ತಲಿನಲ್ಲೇ. ನಾನು ಆಗಲಿ ಅಂದೆ.

ಆದರೆ ನಮ್ಮ ಜನ ಬಿಡಬೇಕಲ್ಲ. ಮುಂದಿನ ಎರಡು ದಿನ ನಮ್ಮ ಮನೆಗೆ ಬಂದಷ್ಟು ಜನ ನನ್ನ ಗಂಡ ಸತ್ತಾಗಲೂ ಬಂದಿರಲಿಲ್ಲ. ಒಬ್ಬ ತೋಟದವನು ಬಂದು, ಹೂಳುವುದೇ ಆದರೆ ನಮ್ಮ ತೆಂಗಿನ ಸಾಲಿನಲ್ಲಿ ಹೂಳಿ, ನಾಲ್ಕು ತುಂಡು ಮಾಡಿ ನಾಲ್ಕು ಮರದ ಬುಡಕ್ಕೆ ಹಾಕಿದರೆ ಹತ್ತು ವರ್ಷ ಗೊಬ್ಬರ ಬೇಡ ಅಂದ. ಅವಳ ಕಿವಿ ಇನ್ನೂ ಅಲ್ಲಾಡುತ್ತಿತ್ತು. ಕಾಲೇಜಿನ ಮೇಷ್ಟರೊಬ್ಬರು ಬಂದು, ಬಹಳ ಮರ್ಯಾದೆಯಿಂದ, ಒಂದು ವರ್ಷ ಬಿಟ್ಟು ಗುಂಡಿ ತೆಗೆಸಿ ಮೂಳೆ ಕೊಡುತ್ತೀರಾ, ಮಕ್ಕಳಿಗೆ ಪಾಠಕ್ಕೆ ಆಗುತ್ತದೆ ಅಂದರು. ಮೇಷ್ಟರಿಗೆ ಬೈಯುವ ಹಾಗಿಲ್ಲ, ಕಾಫಿ ಕೊಟ್ಟು ಕಳಿಸಿದೆ. ಪಕ್ಕದ ಬೀದಿಯ ಹೆಂಗಸೊಬ್ಬಳು ಮೊಬೈಲ್ ಎತ್ತಿ ಹಿಡಿದು, ಅಳುವ ಹಾಡು ಹಾಕಿಕೊಂಡು, ಅವಳ ಹುಣ್ಣಿನ ಹತ್ತಿರಕ್ಕೇ ಹೋಗಿ ರೀಲ್ಸ್ ಮಾಡಿದಳು. "ಅಜ್ಜ, ಈ ಕಡೆ ನೋಡಿ, ಒಂದ್ಸಲ ಅದ್ರ ಮೇಲೆ ಕೈ ಇಡಿ" ಅಂತ ಅಪ್ಪನಿಗೆ ಬೇರೆ ಹೇಳುತ್ತಿದ್ದಳು. ಅಪ್ಪ ಪಾಪ ಯಾರೋ ಪರಿಚಯದವರು ಅಂದುಕೊಂಡು ಕೈ ಇಟ್ಟ. ನಾನು ಮೊಬೈಲ್ ಕಿತ್ತುಕೊಂಡು ಹುರುಳಿ ಬೇಯಿಸುವ ಹಂಡೆಗೆ ಹಾಕುತ್ತೇನೆ ಅಂದ ಮೇಲೆ ಜಾಗ ಬಿಟ್ಟಳು.

ಇವರೆಲ್ಲರಿಗಿಂತ ಹೇಸಿಗೆಯಾದದ್ದು ಬೀದಿಯ ಹಿರಿಯರು ಬಂದಾಗ. ನಾಲ್ಕು ಜನ, ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು. ಹಿತ್ತಲಿನ ಹಿಂದೆ ನಾಲೆ ಹರಿಯುತ್ತದೆ, ಇಲ್ಲಿ ಹೂಳಬೇಡಿ ಅಂದರು.

"ನಾಲೆಗೆ ದೂರ ಮಾಡಿ, ಮೇಲ್ಗಡೆ ಮೂಲೇಲಿ ಗುಂಡಿ ತೆಗೆಸ್ತೀವಿ," ಅಂದೆ.

"ಅಂಗಲ್ಲ ಕಣವ್ವ. ಊರೊಳೀಕೆ ಎಣ ಊತ್ರೆ ಬೀದಿಗೆ ಒಳ್ಳೇದಲ್ಲ. ಟೆಂಪೊದವ್ನು ಅವ್ನಲ್ಲ, ಅವ್ನಿಗೇಳಿ. ಎಲ್ಲಾದ್ರೂ ಕಾಡ್ ಕಡೀಕೆ ಎಸ್ದು ಬತ್ತಾನೆ."

"ಎಸ್ದು" ಅನ್ನುವ ಮಾತಿಗೆ ಅಪ್ಪ ತಲೆ ಎತ್ತಿದ. ನಾನು ಎದ್ದೆ.

"ಊತ್ರೆ ಬೀದಿಗೆ ಒಳ್ಳೇದಲ್ವಾ? ಆಗ್ಲಿ. ನಿಮ್ ನಾಕೂ ಜನದ ಬಾಗ್ಲಲ್ಲಿ ಇವ್ಳ ಲಾಳ ಅದೆ. ಅದನ್ನ ಈಗ್ಲೇ ಕಿತ್ಕಂಡ್ ಬಂದು ಇಲ್ಲಿಡಿ. ಆಮೇಲೆ ಟೆಂಪೊದವ್ನ ಕರೀತೀನಿ. ಕಾಲಿಂದು ಬೇಕು, ಕಾಲು ಬ್ಯಾಡ ಅಂದ್ರೆ ಅದ್ಯಾವ ಸೀಮೆ ನ್ಯಾಯ?"

ಶನಿಯನ್ನು ಮನೆಗೆ ಕರೆದುಕೊಳ್ಳುವುದಕ್ಕೆ ಯಾರಿಗೆ ಧೈರ್ಯ? "ಬಾಯಿ ಬೊಂಬಾಯಿ ಕಣಪ್ಪ ಇವ್ಳದು" ಅಂತ ಒಬ್ಬರು ಗೊಣಗಿದರು. ಗುಂಡಿ ಆಳವಾಗಿ ತೆಗೆಸು ಅಂತ ಹೇಳಿ ಹೋದರು. ನನಗೆ ಗೆದ್ದ ಖುಷಿ. ಬೀದಿಗೆಲ್ಲ ಮಂಗಳಾರತಿ ಮಾಡಿದೆ ಅಂತ ಬೀಗಿಕೊಂಡು ಒಳಗೆ ಹೋಗಿ ಟೀ ಕುಡಿದೆ.

ಮರುದಿನ ಬೆಳಿಗ್ಗೆ ದನದ ಆಸ್ಪತ್ರೆಯ ಡಾಕ್ಟರು ಬಂದರು. ವಯಸ್ಸಿನ್ನೂ ಚಿಕ್ಕದು, ಮಾತು ಕಡಿಮೆ. ಹುಣ್ಣು ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಆಮೇಲೆ ಮುಂದಿನ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಇಟ್ಟುಕೊಂಡವರು ಮುಖ ಆಚೆ ತಿರುಗಿಸಿದರು. ಅಲ್ಲಿಂದ ಬಂದ ವಾಸನೆ ಹಾಗಿತ್ತು.

"ಮೂರು ಕಾಲಲ್ಲಿ ಲಾಳ ಇಲ್ಲ. ಇದೊಂದರಲ್ಲಿ ಯಾಕಿದೆ?" ಅಂತ ಕೇಳಿದರು.

ಗೊರಸು ಬೆಳೆದು ಬೆಳೆದು ಲಾಳದ ಮೇಲೆಯೇ ಕವಿದುಕೊಂಡಿತ್ತು. ಕಬ್ಬಿಣದ ತುದಿ ಹಿಮ್ಮಡಿಯ ಮೆದು ಜಾಗಕ್ಕೆ ಹೂತುಹೋಗಿ ಅಲ್ಲಿ ಕೀವು ತುಂಬಿತ್ತು.

"ಇದನ್ನ ವರ್ಷದ ಹಿಂದೇನೇ ತೆಗಿಸ್ಬೇಕಿತ್ತಲ್ಲ. ಈ ನೋವಿಗೇ ನಿಲ್ಲೋಕಾಗದೆ ಮಲಗಿರೋದು," ಅಂದರು.

"ಲಾಳದವ್ನಿಗೆ ಹೇಳ್ಕಳಿಸಿದ್ವು ಸ್ವಾಮಿ," ಅಂದ ಅಪ್ಪ. "ಅವ್ನು ಬರ್ಲೇ ಇಲ್ಲ."

ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವ ನಾನು ತುಟಿ ಬಿಚ್ಚಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದೂವರೆ ವರ್ಷದ ಹಿಂದೆ ಲಾಳದವನು ಕೊನೆಯ ಸಲ ಬಂದಿದ್ದ. ಕೆಲಸವಿಲ್ಲದ ಕುದುರೆಗೆ ಲಾಳ ಬೇಡ, ನಾಲ್ಕನ್ನೂ ಕಿತ್ತುಬಿಡು ಅಂದಿದ್ದ ಅಪ್ಪ. ಹುಣಸೂರಿನಲ್ಲಿರುವ ನನ್ನ ಮಗಳು ಅದೇ ತಿಂಗಳು ಮನೆಗೆ ಪಾಯ ಹಾಕಿಸಿದ್ದಳು. ಊರಿಗೆಲ್ಲ ಲಾಳ ಕೊಟ್ಟಿರಿ, ನನ್ನ ಬಾಗಿಲಿಗೆ ಒಂದು ಇಲ್ಲವಾ ಅಮ್ಮ ಅಂತ ಕೇಳಿದ್ದಳು. ಕಿತ್ತದ್ದನ್ನು ಮಗಳ ಹೊಸ ಮನೆಗೆ ಕೊಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಬೀದಿಯವರಿಗೆ ಕಬ್ಬಿಣ ಆದರೂ ನಡೆದೀತು, ನನ್ನ ಮಗಳಿಗೆ ಬಲ ಇರುವುದೇ ಬೇಕು. ಮೂರು ಕಿತ್ತ ಮೇಲೆ ನಾನು ಲಾಳದವನಿಗೆ, ಅಪ್ಪನಿಗೆ ಕೇಳಿಸದ ಹಾಗೆ, ಮಗಳ ಮನೆಗೆ ಬೇಕು, ಇದೊಂದು ಇರಲಿ, ತಾನಾಗೇ ಬೀಳಲಿ ಅಂದೆ. ಎರಡು ತಿಂಗಳಲ್ಲಿ ಬೀಳುತ್ತದೆ, ಇಲ್ಲದಿದ್ದರೆ ಕರೆಯಿರಿ ಅಂತ ಹೇಳಿ ಹೋದ. ದಿನಾ ಬೆಳಿಗ್ಗೆ ಹುಲ್ಲು ಹಾಕುವಾಗ ಅವಳ ಕಾಲು ನೋಡುತ್ತಿದ್ದೆ. ಮಾರ್ಕೆಟ್ಟಿನ ಬೈಕಿನವರು ನೋಡುತ್ತಿದ್ದರಲ್ಲ, ಅದೇ ಮುಖ ಮಾಡಿಕೊಂಡು. ಬೀಳಲಿಲ್ಲ. ಕುಂಟುವುದಕ್ಕೆ ಶುರುಮಾಡಿದಳು. ಅಪ್ಪ ಕಾಲು ತಡವಿ ನೋಡಿ, ಬಿಸಿ ಅದೆ ಕಣವ್ವ, ಒಂದು ಉಳಿದ್ಬುಟ್ಟದೆ, ಕೀಳ್ಸು ಅಂದ. ಫೋನ್ ಮಾಡಿದ್ದೇನೆ, ಬರುವ ವಾರ ಬರುತ್ತಾನಂತೆ ಅಂದೆ. ಫೋನ್ ಮಾಡಿರಲಿಲ್ಲ. ಸಡಿಲವಾಗಿದೆ, ಇವತ್ತೋ ನಾಳೆಯೋ ಬೀಳುತ್ತದೆ ಅನ್ನಿಸುತ್ತಿತ್ತು. ಹೀಗೇ ಎಷ್ಟು ವಾರ ಹೇಳಿದೆನೋ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸುವವರಿರುತ್ತಾರೆ ಅನ್ನುತ್ತಾರಲ್ಲ, ಅದು ನಾನೇ.

ಡಾಕ್ಟರು ಇನ್ನು ಉಳಿಯುವುದಿಲ್ಲ, ನರಳಿಸುವುದು ಬೇಡ, ಇಂಜೆಕ್ಷನ್ ಕೊಡುತ್ತೇನೆ ಅಂದರು. ಔಷಧಿ ಮೈಯಲ್ಲಿ ಉಳಿಯುತ್ತದೆ, ನಾಯಿ ನರಿ ತಿಂದರೆ ಅವೂ ಸಾಯುತ್ತವೆ, ಎಂಟಡಿಗೆ ಕಡಿಮೆಯಿಲ್ಲದೆ ಗುಂಡಿ ತೆಗೆಸಿ, ಸುಣ್ಣ ಹಾಕಿ ಮುಚ್ಚಿ ಅಂತ ಹೇಳಿದರು. ಅಪ್ಪ ಒಪ್ಪಿದ.

ಹುರುಳಿ ಬೇಯಿಸಿದ ನೀರನ್ನು ಅಪ್ಪ ಅಂಗೈಯಲ್ಲಿ ಹಾಕಿಕೊಂಡು ಅವಳ ತುಟಿಗೆ ಸವರಿದ. ನೆಕ್ಕುವುದಕ್ಕೆ ಶಕ್ತಿ ಇರಲಿಲ್ಲ. ಆಮೇಲೆ ಅಭ್ಯಾಸಬಲವೋ ಏನೋ, ಜಟಕಾ ಹೊರಡಿಸುವಾಗ ಮಾಡುತ್ತಿದ್ದ ಹಾಗೆ ನಾಲಗೆಯಲ್ಲಿ ಟಕ್ ಟಕ್ ಅಂದ. ಅವಳ ಕಿವಿ ಎರಡೂ ಅಪ್ಪನ ಕಡೆ ತಿರುಗಿದವು. ಮುಂಗಾಲು ಮಡಚಿ ಏಳುವುದಕ್ಕೆ ನೋಡಿದಳು. ಕೀವಿನ ಕಾಲೇ ಅದು. ನೆಲಕ್ಕೆ ಊರಿ, ನಡುಗಿ, ಮತ್ತೆ ಬಿದ್ದಳು. ಅಪ್ಪ ಗಾಬರಿಯಾಗಿ ಅವಳ ಕಿವಿಯನ್ನು ಕೈಯಲ್ಲಿ ಮುಚ್ಚಿಕೊಂಡ.

"ಸಾಕು ತಾಯಿ, ಸಾಕು. ಎಲ್ರೂ ಇಳ್ಕಂಡ್ರು," ಅಂದ. ಸ್ಟೇಷನ್ನಿನಲ್ಲಿ ಜನ ಇಳಿದ ಮೇಲೆ ಅವಳಿಗೆ ಹೀಗೇ ಹೇಳುತ್ತಿದ್ದ.

ಡಾಕ್ಟರು ಕೊರಳ ಹತ್ತಿರ ಸೂಜಿ ಚುಚ್ಚಿದರು. ಬಹಳ ಹೊತ್ತು ಹಿಡಿಯಲಿಲ್ಲ. ಹೊಟ್ಟೆಯೊಳಗಿನ ಗಾಳಿ ಸದ್ದು ಮಾಡಿಕೊಂಡು ಹೊರಗೆ ಬಂತು, ಸಗಣಿ ಸೋರಿತು. ನಾನು ಮೂಗು ಮುಚ್ಚಿಕೊಂಡೆ. ಅಪ್ಪ ಮುಚ್ಚಿಕೊಳ್ಳಲಿಲ್ಲ.

ಜೆಸಿಬಿ ಬರುವುದಕ್ಕೆ ಒಂದು ಗಂಟೆ ಇತ್ತು. ಡಾಕ್ಟರನ್ನು ಗೇಟಿನವರೆಗೆ ಕಳಿಸಿ, ಅಂಗಡಿಗೆ ಹೋಗಿ ಸುಣ್ಣ ತಂದೆ. ಅಪ್ಪ ಕೈಕಾಲು ತೊಳೆಯುವುದಕ್ಕೆ ಒಳಗೆ ಹೋಗಿದ್ದನಂತೆ. ನಾನು ಬಂದು ನೋಡುತ್ತೇನೆ, ಬಾಲದ ಕೂದಲು ಅರ್ಧ ಇಲ್ಲ. ಕತ್ತರಿಯಲ್ಲಿ ಬುಡದಿಂದ ಕತ್ತರಿಸಿಕೊಂಡು ಹೋಗಿದ್ದರು. ನನಗೆ ತಲೆ ಕೆಟ್ಟಿತು. ಸುಣ್ಣದ ಚೀಲ ಅಲ್ಲೇ ಎಸೆದು ಬೀದಿಗೆ ಬಂದು ನಿಂತೆ. ಥೂ, ಹೆಣದ ಮೇಲಿನ ಕೂದಲು ಕದ್ದು ಮಕ್ಕಳ ಕೈಗೆ ಕಟ್ಟುತ್ತೀರಲ್ಲ, ಹದ್ದು ಕಾಗೆಯಾದರೂ ಹೊಟ್ಟೆಗೆ ತಿನ್ನುತ್ತದೆ, ನಿಮಗೇನು ಬಂದಿದೆ ರೋಗ ಅಂತ ಶುರುಮಾಡಿದವಳು, ಅವರವರ ಬಾಗಿಲ ಮುಂದೆ ನಿಂತು, ಲಾಳ ತೋರಿಸಿ ತೋರಿಸಿ, ಮನೆಮನೆಯ ಮೂರು ತಲೆಮಾರನ್ನೂ ಎಳೆದೆ. ಒಬ್ಬರೂ ಹೊರಗೆ ಬರಲಿಲ್ಲ. ಗಿರಣಿ ಮುಚ್ಚಿತ್ತು. ಗಂಟಲು ಒಣಗಿದ ಮೇಲೆ ವಾಪಸು ಬಂದೆ.

ಅಪ್ಪ ಅವಳ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಕೈಯಲ್ಲಿ ಹಳೆಯ ಇಕ್ಕಳ. ಕಣ್ಣು ಕಾಣದೆ ಬೆರಳಲ್ಲೇ ಮೊಳೆ ಹುಡುಕಿ, ಎರಡು ಸಲ ಅಲ್ಲಾಡಿಸಿದ. ಕೊಳೆತಿದ್ದ ಗೊರಸಿನಿಂದ ಲಾಳ ಸಲೀಸಾಗಿ ಕಳಚಿ ಬಂತು. ಅದರ ಜೊತೆ ಕಪ್ಪು ಕೀವು ಅಪ್ಪನ ಪಂಚೆಯ ಮೇಲೆ ಇಳಿಯಿತು.

"ಇಡಿಯಾಗಿ ಕಳಿಸ್ಬೇಕು ಅಂದಿದ್ಯಲ್ಲಪ್ಪ," ಅಂದೆ.

"ಇದು ಅವ್ಳದ್ದಲ್ಲ ಕಣವ್ವ. ನಾವು ಹೊಡ್ದಿದ್ದು," ಅಂದ. ಅದನ್ನು ತನ್ನ ಟವಲ್ಲಿನಲ್ಲಿ ಒರೆಸಿ ನನ್ನ ಕಡೆ ಚಾಚಿದ. "ತಕ್ಕೋ. ಮಗೀನ ಮನೆಗೆ ಬೇಕಾಗಿತ್ತಲ್ಲ."

ನನ್ನ ಕೈ ಮುಂದೆ ಹೋಗಲಿಲ್ಲ.

"ಹೋದ ತಿಂಗ್ಳು ಲಾಳದವ್ನಿಗೆ ನಾನೇ ಫೋನ್ ಮಾಡ್ಸಿದ್ದೆ," ಅಂದ ಅಪ್ಪ. "ನಿಮ್ಮನೆಯಿಂದ ಯಾರೂ ನನ್ನ ಕರೀಲೇ ಇಲ್ವಲ್ಲ ಯಜಮಾನ್ರೇ ಅಂದ. ಅವ್ವನೇ ಇದೊಂದು ಇರ್ಲಿ ಅಂದಿದ್ರು ಅಂತ ಎಲ್ಲಾನೂ ಹೇಳ್ದ. ಊರಲ್ಲಿಲ್ಲ, ಬಂದ್ಮೇಲೆ ಬತ್ತೀನಿ ಅಂದಿದ್ದ. ಅಷ್ಟ್ರಲ್ಲಿ ಇವ್ಳು ಮಲೀಕಂಡ್ಬುಟ್ಲು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ತಿರುಗಿಸಿ ಹೇಳುತ್ತಿದ್ದೆ. ಡಾಕ್ಟರ ಮುಂದೆ ನನ್ನ ಸುಳ್ಳನ್ನು ಅಪ್ಪ ತಿಳಿದೂ ತಿಳಿದೂ ತನ್ನ ಬಾಯಿಂದ ಹೇಳಿದ್ದ. ನಾನು ಲಾಳ ತೆಗೆದುಕೊಂಡೆ. ಇನ್ನೂ ಬೆಚ್ಚಗಿತ್ತು, ಜಿಡ್ಡಾಗಿತ್ತು. ನಲ್ಲಿಯ ಕೆಳಗೆ ಹಿಡಿದು ಸೋಪಿನಪುಡಿ ಹಾಕಿ ಉಜ್ಜಿದೆ, ಮೊಳೆಯ ತೂತುಗಳಲ್ಲಿ ಕಡ್ಡಿ ಹಾಕಿ ತೆಗೆದೆ. ಅಲ್ಲಿಂದ ಬಂದದ್ದನ್ನು ನೋಡಿ ನಲ್ಲಿಯ ಪಕ್ಕದಲ್ಲೇ ವಾಂತಿ ಮಾಡಿಕೊಂಡೆ.

ಜೆಸಿಬಿಯವನು ಮೇಲಿನ ಮೂಲೆಯಲ್ಲಿ ಗುಂಡಿ ತೆಗೆದ. ಕಾಲಿಗೆ ಹಗ್ಗ ಹಾಕಿ ಎಳೆಯುವುದಕ್ಕೆ ಹೋದವನನ್ನು ಅಪ್ಪ ಕೈಮುಗಿದು ತಡೆದ. ಅವನು ಟಾರ್ಪಾಲಿನ ಮೇಲೆ ಹೊರಳಿಸಿ, ಜೆಸಿಬಿಯ ಬಕೆಟ್ಟಿನಲ್ಲಿ ಎತ್ತಿ ಗುಂಡಿಗೆ ಇಳಿಸಿದ. ಸುಣ್ಣ ನಾನೇ ಹಾಕಿದೆ. ಕಪ್ಪು ಮೈಯೆಲ್ಲ ಬೆಳ್ಳಗಾಯಿತು. ಅರ್ಧ ಬಾಲ ಇಲ್ಲ ಅನ್ನುವುದನ್ನು ಅಪ್ಪನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ಅದನ್ನೂ ಬೆರಳಲ್ಲಿ ತಡವಿ ತಿಳಿದುಕೊಂಡಿದ್ದನೋ ಏನೋ, ಕೇಳುವ ಧೈರ್ಯವೂ ನನಗಿಲ್ಲ.

ಮಗಳ ಗೃಹಪ್ರವೇಶ ಎರಡು ತಿಂಗಳ ಮೇಲೆ ಆಯಿತು. ಲಾಳವನ್ನು ನಾನು ಒಯ್ಯುವುದಿಲ್ಲ ಅಂತಲೇ ಇದ್ದೆ, ಅಕ್ಕಿ ಡಬ್ಬದ ಹಿಂದೆ ಸೇರಿಸಿಟ್ಟಿದ್ದೆ. ಹುಣಸೂರಿಗೆ ಹೊರಡುವಾಗ ಅಪ್ಪ ತಡಕಾಡಿ ಅದನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಿದ್ದ. ಹೋಮ ಮುಗಿದ ಮೇಲೆ ಮಗಳ ಕೈಗೆ ಕೊಟ್ಟ. ಅವಳು ಅರಿಶಿನ ಕುಂಕುಮ ಹಚ್ಚಿ, ಬಾಗಿಲ ಮೇಲೆ ಜಾಗ ನೋಡಿ, ನನ್ನ ಕಡೆ ತಿರುಗಿದಳು.

"ಇದು ತಾನಾಗೇ ಬಿದ್ದಿದ್ದಾ ಅಮ್ಮ?"

ನೆಂಟರೆಲ್ಲ ನೋಡುತ್ತಿದ್ದರು. ಕುರ್ಚಿಯಲ್ಲಿ ಕೂತಿದ್ದ ಅಪ್ಪನೇ ಉತ್ತರ ಕೊಟ್ಟ.

"ಊಂ ಮಗ, ತಾನಾಗೇ ಬಿತ್ತು. ನಿಮ್ಮವ್ವ ಒಂದೂವರೆ ವರ್ಷ ಕಾದು ತಂದವ್ಳೆ."

ಅಳಿಯ ಸ್ಟೂಲ್ ಹತ್ತಿ ಮೊಳೆ ಹೊಡೆಯುವುದಕ್ಕೆ ಶುರುಮಾಡಿದ. ಸುತ್ತಿಗೆಯ ಏಟು ಬಿದ್ದಾಗಲೆಲ್ಲ ಅಪ್ಪನ ಕಾಲಬೆರಳುಗಳು ಮಡಚಿಕೊಳ್ಳುತ್ತಿದ್ದವು.